ಹಡಗುಗಳಿಂದ ತೈಲ ಮಾಲಿನ್ಯ: ತಡೆಯಬಲ್ಲವರು ನಾವಿಕರೇ

ಕರ್ನಾಟಕದ ಕರಾವಳಿಯಿಂದ ಮುಂಬಯಿ ಮಹಾನಗರಕ್ಕೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಹಡಗನ್ನೇರಿ ಬಂದವರು. ಮಂಗಳೂರು, ಕಾರವಾರಗಳ ಕಡೆಯಿಂದ ಹೊರಟ ಉಗಿಹಡಗು ಅವರನ್ನು ಈ ನಗರದ ಧಕ್ಕೆಯಲ್ಲಿ ಇಳಿಸಿದ ಮೇಲೆಯೇ ಅವರ ಬದುಕಿನ ಎರಡನೆಯ ಅಧ್ಯಾಯ ಆರಂಭವಾದದ್ದು. ಇಂದಿಗೂ ಮಗನೋ, ಅಳಿಯನೋ, ಸೋದರಳಿಯನೋ ವಾಣಿಜ್ಯ ಹಡಗಿನಲ್ಲಿ ದುಡಿಯುತ್ತಿರುವ ಕುಟುಂಬಗಳು ನಮ್ಮಲ್ಲಿ ಅಪರೂಪವಲ್ಲ. ಹೀಗೆ ಕಡಲಿನೊಡನೆ ನಮ್ಮದು ಎರಡು ಬಗೆಯ ಸಂಬಂಧ. ತೀರದಲ್ಲಿ ನಿಂತು ಅದರ ಫಲವನ್ನು ಉಣ್ಣುವವರು ನಾವು. ಅದರ ಮೇಲೆ ಹಡಗು ನಡೆಸುವವರೂ ನಮ್ಮವರೇ.

ಮಳೆಗಾಲದಲ್ಲಿ ಜುಹೂ ಅಥವಾ ವರ್ಸೋವಾ ತೀರದಲ್ಲಿ ಬರಿಗಾಲಿನಲ್ಲಿ ನಡೆದವರಿಗೆ ಅಂಗಾಲಿಗೆ ಅಂಟುವ ಕಪ್ಪು ಡಾಂಬರಿನ ಉಂಡೆಗಳ ಪರಿಚಯವಿದ್ದೇ ಇರುತ್ತದೆ. ತೆಂಗಿನೆಣ್ಣೆ ಹಚ್ಚಿ ಉಜ್ಜಿದರಲ್ಲದೆ ಅದು ಬಿಡುವುದಿಲ್ಲ. ಕಡಲಿಗೆ ಬಿದ್ದ ತೈಲವು ಅಲೆ, ಬಿಸಿಲು, ಗಾಳಿಗಳಿಗೆ ಸಿಕ್ಕಿ ಗಟ್ಟಿಯಾಗಿ ತೀರಕ್ಕೆ ಬರುವ ರೂಪವಿದು. ಅದು ಬಿದ್ದದ್ದು ಎಲ್ಲಿಂದ? ಯಾರ ಕೈಯಿಂದ? ಬೀಳದಂತೆ ತಡೆಯಲು ಸಾಧ್ಯವಿತ್ತೇ? ಬ್ಯಾಂಕಿನ ಲೆಡ್ಜರುಗಳ ನಡುವೆ ಸೇವಾವಧಿಯನ್ನು ಕಳೆದ ನನ್ನಂಥವನಿಗೂ ಈ ಪ್ರಶ್ನೆಗಳು ಎದುರಾದದ್ದು ಆ ಉಂಡೆಗಳಿಂದಲೇ. ದೊರೆತ ಉತ್ತರಗಳನ್ನು ಓದುಗರ ತಿಳಿವಳಿಕೆಗಾಗಿ ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಮುಂಬಯಿ ಬಂದರಿನಲ್ಲಿ ನಡೆದದ್ದು

2010ರ ಆಗಸ್ಟ್ 7ರ ಶನಿವಾರ. ಬೆಳಗಿನ ಹೊತ್ತು. ನಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಿಂದ ಗುಜರಾತಿನ ಮುಂದ್ರಾ ಕಡೆಗೆ ಹೊರಟಿದ್ದ ಎಂ.ಎಸ್.ಸಿ. ಚಿತ್ರಾ ಎಂಬ ಕಂಟೇನರ್ ಹಡಗಿಗೂ, ಒಳಬರುತ್ತಿದ್ದ ಖಲೀಜಿಯಾ-3 ಎಂಬ ಹಡಗಿಗೂ ಬಂದರಿನ ಕಾಲುವೆಯಲ್ಲಿ ಡಿಕ್ಕಿಯಾಯಿತು. ಚಿತ್ರಾ ತೀವ್ರವಾಗಿ ವಾಲಿ, ಕೊಲಾಬಾ ಸಮೀಪದ ಪ್ರಾಂಗ್ಸ್ ದೀಪಸ್ತಂಭದ ಬಳಿ ನೆಲಹಿಡಿಯಿತು. ಅದರಲ್ಲಿ ಸುಮಾರು 2,600 ಟನ್ ಇಂಧನ ತೈಲವೂ 1,200ಕ್ಕೂ ಹೆಚ್ಚು ಕಂಟೇನರುಗಳೂ ಇದ್ದವು. ಕಂಟೇನರುಗಳಲ್ಲಿ ಕೆಲವು ಕೀಟನಾಶಕಗಳಿಂದ ತುಂಬಿದ್ದವು. ಸುಮಾರು 800 ಟನ್ ತೈಲ ಕಡಲಿಗೆ ಸೋರಿತು. ನೂರಾರು ಕಂಟೇನರುಗಳು ನೀರಿಗೆ ಬಿದ್ದು ತೇಲತೊಡಗಿದವು. ಹಡಗಿನಲ್ಲಿದ್ದವರನ್ನು ರಕ್ಷಿಸಲಾಯಿತು ಎಂಬುದೊಂದೇ ಸಮಾಧಾನ.

ಮುಂದಿನ ದಿನಗಳನ್ನು ಮುಂಬಯಿಗರು ಮರೆತಿಲ್ಲ. ದೇಶದ ಎರಡು ಮಹತ್ವದ ಬಂದರುಗಳ ಸಂಚಾರ ಹಲವು ದಿನ ಸ್ತಬ್ಧವಾಯಿತು. ಘಾರಾಪುರಿ, ಉರಣ, ಅಲಿಬಾಗ್ ಕಡೆಯ ಕಾಂಡ್ಲಾ ಕಾಡುಗಳ ಬೇರುಗಳಿಗೆ ಕಪ್ಪು ಎಣ್ಣೆ ಹತ್ತಿಕೊಂಡಿತು. ಕಾಂಡ್ಲಾ ಗಿಡಗಳ ಉಸಿರಾಟದ ಬೇರುಗಳು ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ. ಎಣ್ಣೆ ಮೆತ್ತಿದರೆ ಗಿಡಕ್ಕೆ ಉಸಿರೇ ಕಟ್ಟುತ್ತದೆ. ಮರಳ ತೀರವನ್ನು ಬಳಿದು ತೆಗೆಯಬಹುದು, ಕೆಸರಿನ ಕಾಡನ್ನು ಹಾಗೆ ತೊಳೆಯಲಾಗದು. ಆಗತಾನೆ ಹಂಗಾಮಿಗೆ ಸಿದ್ಧವಾಗುತ್ತಿದ್ದ ಮೀನುಗಾರರು ಬಲೆ ಇಳಿಸದಂತಾಯಿತು. ಮೀನು ಮಾರುಕಟ್ಟೆಯಲ್ಲಿ ಬೊಂಬಿಲ್, ಬಂಗುಡೆಗಳನ್ನು ಕೊಳ್ಳಲು ಜನ ಹಿಂಜರಿದರು. ಎರಡೂ ಹಡಗುಗಳ ಕಪ್ತಾನರ ಮೇಲೆ ಪೊಲೀಸ್ ಮೊಕದ್ದಮೆ ದಾಖಲಾಯಿತು.

ಒಂದು ವರ್ಷ ತುಂಬುವುದರೊಳಗೆ ಮತ್ತೆರಡು ಎಚ್ಚರಿಕೆಗಳು ಬಂದವು. ಸಿಬ್ಬಂದಿ ಓಮಾನ್ ಬಳಿ ತೊರೆದುಹೋಗಿದ್ದ ಎಂ.ಟಿ. ಪವಿತ್ ಎಂಬ ಹಡಗು, ಒಬ್ಬನೇ ಒಬ್ಬ ಮನುಷ್ಯನಿಲ್ಲದೆ ಅರಬ್ಬೀ ಸಮುದ್ರವನ್ನು ದಾಟಿ ತೇಲುತ್ತಾ 2011ರ ಜುಲೈ 31ರಂದು ಜುಹೂ ಮತ್ತು ವರ್ಸೋವಾ ನಡುವಿನ ತೀರಕ್ಕೆ ಬಂದು ನಿಂತಿತು. ನಾಲ್ಕೇ ದಿನಗಳ ಬಳಿಕ, ಆಗಸ್ಟ್ 4ರಂದು, ಇಂಡೋನೇಷ್ಯಾದಿಂದ 60,000 ಟನ್‌ಗೂ ಹೆಚ್ಚು ಕಲ್ಲಿದ್ದಲನ್ನು ಹೊತ್ತು ತಂದಿದ್ದ ರಾಕ್ ಕ್ಯಾರಿಯರ್ ಮುಂಬಯಿಯಿಂದ ಸುಮಾರು 20 ನಾಟಿಕಲ್ ಮೈಲು ದೂರದಲ್ಲಿ ಮುಳುಗಿತು. ಅದರ 30 ಮಂದಿ ಸಿಬ್ಬಂದಿ ಬದುಕಿಬಂದರು. ಅದರ ಇಂಧನ ತೈಲ ಮಾತ್ರ ಕಡಲ ತಳದಿಂದ ಸೋರತೊಡಗಿತು.

ತವರಿನ ಕಡಲೂ ಇದಕ್ಕೆ ಹೊರತಲ್ಲ. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಸಮೀಪದ ದ್ವೀಪದ ಬಂಡೆಗೆ ಸಿಲುಕಿ, ಅದರಿಂದ ಸೋರಿದ ತೈಲ ದಕ್ಷಿಣ ಗೋವೆಯ ತೀರದವರೆಗೂ ಹರಡಿತ್ತು. 2025ರ ಮೇ 25ರಂದು ಕೊಚ್ಚಿಯ ಆಚೆ 640 ಕಂಟೇನರುಗಳೊಡನೆ ಎಂ.ಎಸ್.ಸಿ. ಎಲ್ಸಾ-3 ಮುಳುಗಿದ್ದನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡಿದ್ದೇವೆ. ಮುಂಬಯಿಯ ಜವಾಹರ್ ದ್ವೀಪದ ತೈಲ ನೆಲೆಗೂ ನವಮಂಗಳೂರು ಬಂದರಿಗೂ ಕಚ್ಚಾ ತೈಲ ತುಂಬಿದ ಹಡಗುಗಳು ಬರುತ್ತಲೇ ಇರುವುದರಿಂದ, ಇದು ನಮ್ಮ ಮನೆಬಾಗಿಲಿನ ವಿಷಯವೆಂದೇ ತಿಳಿಯಬೇಕು.

ತೈಲ ಕಡಲಿಗೆ ಬೀಳುವ ಬಗೆಗಳು

ಹಡಗಿನಿಂದ ತೈಲ ಸೋರಿಕೆಯೆಂದರೆ ಸಾಮಾನ್ಯವಾಗಿ ದೊಡ್ಡ ಅಪಘಾತವೇ ಕಣ್ಣಮುಂದೆ ಬರುತ್ತದೆ. ವಾಸ್ತವವಾಗಿ ಬಗೆಗಳು ಮೂರು.

ಮೊದಲನೆಯದು ಡಿಕ್ಕಿ, ನೆಲಹಿಡಿಯುವಿಕೆ, ಬೆಂಕಿ ಮುಂತಾದ ಅಪಘಾತಗಳು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತೈಲ ಸಾಗಿಸುವ ಟ್ಯಾಂಕರುಗಳಷ್ಟೇ ಅಪಾಯಕಾರಿ ಎಂದು ಭಾವಿಸುವಂತಿಲ್ಲ. ಕಲ್ಲಿದ್ದಲು, ಅದಿರು, ಕಂಟೇನರು ಸಾಗಿಸುವ ಹಡಗಿನ ಹೊಟ್ಟೆಯಲ್ಲಿಯೂ ಅದರ ಎಂಜಿನ್ನಿಗೆ ಬೇಕಾದ ನೂರಾರು, ಸಾವಿರಾರು ಟನ್ ಇಂಧನ ತೈಲವಿರುತ್ತದೆ. ಚಿತ್ರಾ ಟ್ಯಾಂಕರ್ ಆಗಿರಲಿಲ್ಲ.

ಎರಡನೆಯದು ದಿನನಿತ್ಯದ ಕೆಲಸದಲ್ಲಿ ಆಗುವ ಸೋರಿಕೆ. ಹಡಗಿಗೆ ಇಂಧನ ತುಂಬಿಸುವಾಗ ಕೊಳವೆಯ ಕೀಲು ಬಿಚ್ಚಿಕೊಳ್ಳುವುದು, ತೊಟ್ಟಿ ತುಂಬಿ ಉಕ್ಕುವುದು, ತಪ್ಪು ಕವಾಟ ತೆರೆಯುವುದು ಇತ್ಯಾದಿ. ಒಂದೊಂದೂ ಸಣ್ಣದು, ಒಟ್ಟಾದರೆ ಸಣ್ಣದಲ್ಲ.

ಮೂರನೆಯದು ತಿಳಿದೂ ತಿಳಿದೂ ಸುರಿಯುವುದು. ಎಂಜಿನ್ ಕೋಣೆಯ ತಳದಲ್ಲಿ ಸಂಗ್ರಹವಾಗುವ ಎಣ್ಣೆ ಬೆರೆತ ನೀರನ್ನು ಶುದ್ಧೀಕರಿಸದೆ, ಇರುಳಿನಲ್ಲಿ ಯಾರೂ ಕಾಣದಂತೆ ಹೊರಹಾಕುವುದು. ನಡುಗಡಲಿನಲ್ಲಿ ನೋಡುವವರು ಯಾರು ಎಂಬ ಧೈರ್ಯವೇ ಇದಕ್ಕೆ ಮೂಲ.

ಈ ಮೂರು ಬಗೆಗಳಲ್ಲಿಯೂ ಒಂದು ಸಾಮಾನ್ಯ ಅಂಶವಿದೆ. ಯಂತ್ರ ಕೆಟ್ಟಿರಬಹುದು, ಗಾಳಿ ಬೀಸಿರಬಹುದು. ಆದರೆ ಸರಪಳಿಯ ಯಾವುದೋ ಒಂದು ಕೊಂಡಿಯಲ್ಲಿ ಮನುಷ್ಯನೊಬ್ಬ ಇದ್ದೇ ಇರುತ್ತಾನೆ. ಅವನು ತಿಳಿಯದವನಾಗಿರಬಹುದು, ದಣಿದವನಾಗಿರಬಹುದು ಅಥವಾ ಬಾಯಿಬಿಡಲು ಅಂಜಿದವನಾಗಿರಬಹುದು. ತರಬೇತಿ, ವಿಶ್ರಾಂತಿ, ನಿರ್ಭಯತೆ ಇವು ಮೂರೂ ಇಲ್ಲದೆ ಕಡಲು ಶುದ್ಧವಾಗಿರಲಾರದು ಎಂಬುದೇ ಈ ಲೇಖನದ ಸಾರ.

ನಿಯಮಗಳು ಹುಟ್ಟಿದ ಬಗೆ

ಕಡಲ ಕಾನೂನುಗಳು ಬಹುಮಟ್ಟಿಗೆ ದುರಂತಗಳ ಬೆನ್ನಿಗೆ ಹುಟ್ಟಿದವು. 1967ರ ಮಾರ್ಚ್ 18ರಂದು ಟೊರಿ ಕ್ಯಾನ್ಯನ್ ಎಂಬ ಬೃಹತ್ ಟ್ಯಾಂಕರ್ ಇಂಗ್ಲೆಂಡಿನ ಕಾರ್ನ್‌ವಾಲ್ ಸಮೀಪದ ಬಂಡೆಗಳಿಗೆ ಅಪ್ಪಳಿಸಿ, ಸುಮಾರು 1,19,000 ಟನ್ ಕಚ್ಚಾ ತೈಲದ ಹೊರೆಯೊಡನೆ ನಾಶವಾಯಿತು. ಭರತದ ವೇಳೆಗೆ ಸರಿಯಾಗಿ ಬಂದರು ಸೇರಬೇಕೆಂಬ ಅವಸರದಲ್ಲಿ ಹಡಗು ಅಪಾಯದ ಹತ್ತಿರದ ದಾರಿಯನ್ನು ಹಿಡಿದಿತ್ತು. ಕೊನೆಯ ಗಳಿಗೆಯಲ್ಲಿ ಚುಕ್ಕಾಣಿ ಸ್ವಯಂಚಾಲಿತ ವ್ಯವಸ್ಥೆಯಲ್ಲಿದೆಯೋ ಕೈ ಹಿಡಿತದಲ್ಲಿದೆಯೋ ಎಂಬ ಗೊಂದಲವೂ ಸೇರಿಕೊಂಡಿತು.

ಆ ದುರಂತದ ತರುವಾಯ ಲಂಡನ್ನಿನಲ್ಲಿ ಕೇಂದ್ರವಿರುವ ಅಂತಾರಾಷ್ಟ್ರೀಯ ಸಾಗರ ಸಂಘಟನೆಯ ಆಶ್ರಯದಲ್ಲಿ 1973ರಲ್ಲಿ ರೂಪುಗೊಂಡು, 1978ರಲ್ಲಿ ಪರಿಷ್ಕೃತವಾದ ಒಪ್ಪಂದವೇ ಮಾರ್ಪೋಲ್. ಅದರ ತೈಲ ಸಂಬಂಧಿ ನಿಯಮಗಳು 1983ರ ಅಕ್ಟೋಬರ್ 2ರಿಂದ ಜಾರಿಗೆ ಬಂದವು. ಹಡಗು ಹೇಗಿರಬೇಕು, ಏನನ್ನು ಸುರಿಯಬಾರದು ಎಂಬುದನ್ನು ಇದು ವಿಧಿಸುತ್ತದೆ. ಅದೇ 1978ರಲ್ಲಿ ಅಂಗೀಕೃತವಾದ ಇನ್ನೊಂದು ಒಪ್ಪಂದ ಎಸ್.ಟಿ.ಸಿ.ಡಬ್ಲ್ಯೂ. ಹಡಗು ನಡೆಸುವವನು ಹೇಗಿರಬೇಕು, ಏನು ಕಲಿತಿರಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. 1995ರಲ್ಲಿಯೂ 2010ರಲ್ಲಿ ಮನಿಲಾ ನಗರದಲ್ಲಿಯೂ ಇದಕ್ಕೆ ದೊಡ್ಡ ತಿದ್ದುಪಡಿಗಳಾದವು. ಮನಿಲಾ ತಿದ್ದುಪಡಿಗಳು ಅಂಗೀಕಾರವಾದ ಜೂನ್ 25 ಇಂದು ನಾವಿಕರ ದಿನವಾಗಿ ಆಚರಿಸಲ್ಪಡುತ್ತಿದೆ.

ಮೂರನೆಯದು 1998ರ ಜುಲೈ 1ರಿಂದ ಟ್ಯಾಂಕರು ಮೊದಲಾದ ಹಡಗುಗಳಿಗೂ, 2002ರ ಜುಲೈ 1ರಿಂದ ಉಳಿದ ಸರಕು ಹಡಗುಗಳಿಗೂ ಕಡ್ಡಾಯವಾದ ಸುರಕ್ಷತಾ ನಿರ್ವಹಣಾ ಸಂಹಿತೆ, ಅಂದರೆ ಐ.ಎಸ್.ಎಂ. ಕೋಡ್. ತಪ್ಪು ನಾವಿಕನದು ಮಾತ್ರವಲ್ಲ, ದಡದಲ್ಲಿ ಕುಳಿತ ಕಂಪನಿಯದೂ ಹೌದು ಎಂಬ ತತ್ತ್ವವನ್ನು ಅದು ಸ್ಥಾಪಿಸಿತು. ಪ್ರತಿ ಕಂಪನಿಯೂ ದಡದಲ್ಲಿ ಒಬ್ಬ ಜವಾಬ್ದಾರಿ ವ್ಯಕ್ತಿಯನ್ನು ನೇಮಿಸಬೇಕು. ಅವನಿಗೆ ಕಂಪನಿಯ ಅತ್ಯುನ್ನತ ಅಧಿಕಾರಿಯನ್ನು ನೇರವಾಗಿ ಕಾಣುವ ಅಧಿಕಾರವಿರಬೇಕು.

ಇವುಗಳಿಂದ ಪ್ರಯೋಜನವಾಗಿದೆಯೇ ಎಂದು ಕೇಳಿದರೆ, ನಿಶ್ಚಯವಾಗಿಯೂ ಆಗಿದೆ. 7 ಟನ್ನಿಗಿಂತ ಹೆಚ್ಚಿನ ಟ್ಯಾಂಕರ್ ಸೋರಿಕೆಗಳು 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 79ರಷ್ಟಿದ್ದವು. 2010ರ ದಶಕದಲ್ಲಿ ಅವು ಸುಮಾರು 6ಕ್ಕೆ ಇಳಿದವು. ಇಮ್ಮಡಿ ಹೊರಮೈಯ ಟ್ಯಾಂಕರುಗಳು, ರಾಡಾರ್, ಉಪಗ್ರಹಗಳು ಇದಕ್ಕೆ ಕಾರಣವಾದಂತೆಯೇ ಉತ್ತಮ ತರಬೇತಿಯೂ ಕಾರಣವಾಗಿದೆ.

ಹಡಗಿನ ಲೆಡ್ಜರು

ಬ್ಯಾಂಕಿನವನಾದ ನನಗೆ ಬಹಳ ಹತ್ತಿರವೆನಿಸಿದ್ದು ಮಾರ್ಪೋಲ್ ವಿಧಿಸಿರುವ ತೈಲ ದಾಖಲೆ ಪುಸ್ತಕ. 400 ಟನ್ ಗಾತ್ರ ಮತ್ತು ಅದಕ್ಕಿಂತ ದೊಡ್ಡದಾದ ಪ್ರತಿ ಹಡಗೂ ಇದನ್ನು ಇಡಬೇಕು. ಇಂಧನ ತುಂಬಿದ್ದು, ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ವರ್ಗಾಯಿಸಿದ್ದು, ಕೆಸರೆಣ್ಣೆಯನ್ನು ಸುಟ್ಟದ್ದು ಅಥವಾ ಬಂದರಿಗೆ ಒಪ್ಪಿಸಿದ್ದು, ತಳದ ನೀರನ್ನು ಶುದ್ಧೀಕರಿಸಿ ಹೊರಬಿಟ್ಟದ್ದು ಎಲ್ಲವೂ ದಿನಾಂಕ, ಸ್ಥಳ, ಪ್ರಮಾಣಗಳೊಡನೆ ಅದರಲ್ಲಿ ನಮೂದಾಗಬೇಕು. ಪ್ರತಿ ನಮೂದಿಗೆ ಕೆಲಸ ಮಾಡಿದ ಅಧಿಕಾರಿಯ ಸಹಿ, ಪ್ರತಿ ಪುಟಕ್ಕೆ ಕಪ್ತಾನನ ಸಹಿ. ಕೊನೆಯ ನಮೂದಿನ ಬಳಿಕ ಮೂರು ವರ್ಷ ಅದನ್ನು ಕಾಪಾಡಬೇಕು. ಹೊರಬಿಡುವ ನೀರಿನಲ್ಲಿ ಎಣ್ಣೆಯ ಅಂಶ ಹತ್ತು ಲಕ್ಷಕ್ಕೆ 15 ಭಾಗವನ್ನು ಮೀರಕೂಡದು. ಮೀರಿದರೆ ಎಚ್ಚರಿಕೆಯ ಗಂಟೆ ಬಾರಿಸಿ ಹರಿವು ತಾನಾಗಿ ನಿಲ್ಲುವ ಯಂತ್ರವನ್ನು ದೊಡ್ಡ ಹಡಗುಗಳಲ್ಲಿ ಅಳವಡಿಸಿರುತ್ತಾರೆ.

ಆದರೆ ಲೆಡ್ಜರು ಎಷ್ಟೇ ಚೆನ್ನಾಗಿದ್ದರೂ ಬರೆಯುವ ಕೈ ಸುಳ್ಳಾದರೆ ಏನು ಮಾಡುವುದು? ಯಂತ್ರವನ್ನು ಬಳಸಿಕೊಂಡು ಹೋಗುವಂತೆ ಕಳ್ಳ ಕೊಳವೆ ಜೋಡಿಸಿ, ಎಣ್ಣೆನೀರನ್ನು ನೇರವಾಗಿ ಕಡಲಿಗೆ ಬಿಟ್ಟು, ಪುಸ್ತಕದಲ್ಲಿ ಮಾತ್ರ ಎಲ್ಲವನ್ನೂ ಸರಿಯಾಗಿ ಬರೆದ ಪ್ರಕರಣಗಳು ಜಗತ್ತಿನಲ್ಲಿ ಅನೇಕ. ಕ್ಯಾರಿಬಿಯನ್ ಪ್ರಿನ್ಸೆಸ್ ಎಂಬ ಪ್ರವಾಸಿ ಹಡಗಿನಲ್ಲಿ ಇಂಥದೊಂದು ಕೊಳವೆಯನ್ನು 2013ರಲ್ಲಿ ಕಂಡವನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಎಂಜಿನಿಯರ್. ಇಂಗ್ಲೆಂಡಿನ ಬಂದರಿನಲ್ಲಿ ಇಳಿದು ಅವನು ಅಧಿಕಾರಿಗಳಿಗೆ ವಿಷಯ ತಿಳಿಸಿದ, ಹಡಗನ್ನೂ ಬಿಟ್ಟ. ಕಂಪನಿಯು ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿದ್ದು 2016ರಲ್ಲಿ. ಬ್ಯಾಂಕಿನಲ್ಲಿ ಒಬ್ಬ ನಮೂದಿಸಿದ್ದನ್ನು ಇನ್ನೊಬ್ಬ ಪರಿಶೀಲಿಸುತ್ತಾನೆ, ತಿಜೋರಿಯ ಎರಡು ಬೀಗದಕೈಗಳು ಇಬ್ಬರ ಬಳಿ ಇರುತ್ತವೆ. ಆದರೂ ವಂಚನೆ ಬಯಲಾಗುವುದು ಕೊನೆಗೆ ಯಾರೋ ಒಬ್ಬ ಕಿರಿಯ ಗುಮಾಸ್ತ ‘ಇದು ತಾಳೆಯಾಗುತ್ತಿಲ್ಲ’ ಎಂದು ಹೇಳಿದಾಗಲೇ. ಹಡಗಿನಲ್ಲಿಯೂ ಅಷ್ಟೆ.

ದಣಿದ ಕಣ್ಣು, ದೂರದ ಮನೆ

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೇಜ್ ಟ್ಯಾಂಕರ್ ಅಲಾಸ್ಕಾದ ಬಂಡೆಗೆ ಬಡಿದು ಸುಮಾರು 37,000 ಟನ್ ಕಚ್ಚಾ ತೈಲ ಸೋರಿತು. ಕಪ್ತಾನನ ಮದ್ಯಪಾನದ ಸುದ್ದಿಯೇ ಜಗತ್ತಿಗೆ ಹೆಚ್ಚಾಗಿ ತಲುಪಿತು. ಆದರೆ ಅಮೆರಿಕದ ತನಿಖಾ ಮಂಡಳಿಯು ಕಾರಣಗಳನ್ನು ಹೇಳುವಾಗ, ಹಡಗು ನಡೆಸುತ್ತಿದ್ದ ಮೂರನೆಯ ಅಧಿಕಾರಿಯ ದಣಿವು ಮತ್ತು ಮಿತಿಮೀರಿದ ಕೆಲಸದ ಹೊರೆಯನ್ನೂ ಸ್ಪಷ್ಟವಾಗಿ ಎತ್ತಿಹಿಡಿಯಿತು.

ಇಂದಿನ ನಿಯಮದಂತೆ ನಾವಿಕನಿಗೆ ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ದೊರೆಯಬೇಕು. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ. ಒಂದು ತುಂಡಾದರೂ 6 ಗಂಟೆಯದಾಗಿರಬೇಕು. 2006ರ ಸಾಗರ ಕಾರ್ಮಿಕ ಒಪ್ಪಂದವೂ ಇದನ್ನು ಬೆಂಬಲಿಸುತ್ತದೆ. ಭಾರತವು ಅದನ್ನು 2015ರಲ್ಲಿ ಅನುಮೋದಿಸಿತು. ಆದರೆ ಕಾಗದದ ಮೇಲಿನ ವಿಶ್ರಾಂತಿಗೂ ಕಣ್ಣಿನ ನಿದ್ದೆಗೂ ಅಂತರವುಂಟು. ಒಂದೇ ವಾರದಲ್ಲಿ ಮೂರು ಬಂದರು ಕಂಡು, ಸರಕು ಇಳಿಸಿ, ತಪಾಸಣೆ ಮುಗಿಸಿ, ಮತ್ತೆ ಹೊರಡುವ ಹಡಗಿನಲ್ಲಿ ವಿಶ್ರಾಂತಿಯ ಪಟ್ಟಿ ತುಂಬಿದಷ್ಟು ಸುಲಭವಾಗಿ ಹಾಸಿಗೆ ಸಿಗುವುದಿಲ್ಲವೆಂದು ನಾವಿಕರೇ ಹೇಳುತ್ತಾರೆ.

ದಣಿವಿನಂತೆಯೇ ಒಂಟಿತನವೂ ಅಪಾಯಕಾರಿ. 2020ರ ಜುಲೈ 25ರಂದು ಮಾರಿಷಸ್‌ನ ಹವಳದ ದಿಬ್ಬಕ್ಕೆ ವಾಕಾಶಿಯೋ ಹಡಗು ಏರಿ, ಮುಂದಿನ ದಿನಗಳಲ್ಲಿ ಸುಮಾರು 1,000 ಟನ್ ತೈಲ ಸೋರಿತು. ಮೊಬೈಲ್ ಸಂಪರ್ಕ ಸಿಗಲೆಂದು ಹಡಗನ್ನು ತೀರದ ಹತ್ತಿರಕ್ಕೆ ತಂದದ್ದು ಅದಕ್ಕೆ ಕಾರಣವಾಯಿತೆಂದು ವಿಚಾರಣೆಯಲ್ಲಿ ಹೊರಬಂತು. ಅದರ ಕಪ್ತಾನ ಭಾರತೀಯ. ಅದು ಕೋವಿಡ್ ಕಾಲ; ಅವಧಿ ಮುಗಿದರೂ ಮನೆಗೆ ಮರಳಲಾಗದೆ ಲಕ್ಷಾಂತರ ನಾವಿಕರು ಹಡಗುಗಳಲ್ಲಿಯೇ ಉಳಿದಿದ್ದ ಕಾಲ. ತಪ್ಪನ್ನು ಸಮರ್ಥಿಸುವಂತಿಲ್ಲ. ಆದರೆ ಮನೆಯ ದನಿಗಾಗಿ ಹಂಬಲಿಸುವ ನಾವಿಕನಿಗೆ ಹಡಗಿನಲ್ಲಿಯೇ ಸಂಪರ್ಕದ ಅನುಕೂಲ ಒದಗಿಸುವುದೂ ಮಾಲಿನ್ಯ ತಡೆಯ ಒಂದು ಭಾಗವೆಂದು ಇದರಿಂದ ತಿಳಿಯುತ್ತದೆ. 2024ರ ಡಿಸೆಂಬರಿನಿಂದ ಜಾರಿಗೆ ಬಂದ ಕಾರ್ಮಿಕ ಒಪ್ಪಂದದ ತಿದ್ದುಪಡಿಗಳಲ್ಲಿ ಈ ಅಂಶ ಸೇರಿರುವುದು ಸ್ವಾಗತಾರ್ಹ.

ತನ್ನ ಜೀವ ಕಾಯ್ದುಕೊಂಡವನೇ ಕಡಲನ್ನೂ ಕಾಯಬಲ್ಲ

ಊರಿನಲ್ಲಿ ಹಾಳುಬಿದ್ದ ಬಾವಿಗೆ ಇಳಿಯುವ ಮುನ್ನ ಹಗ್ಗದಲ್ಲಿ ದೀಪ ಇಳಿಸಿ ನೋಡುವ ಪದ್ಧತಿ ಹಿರಿಯರಿಗೆ ಗೊತ್ತು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ. ಹಡಗಿನ ಮುಚ್ಚಿದ ತೊಟ್ಟಿಯೂ ಅಂಥ ಬಾವಿಯೇ. ಆದರೆ ತೈಲದ ತೊಟ್ಟಿಗೆ ದೀಪ ಇಳಿಸಿದರೆ ಸ್ಫೋಟವೇ ಗತಿ. ಆದುದರಿಂದ ಅಳತೆಯ ಉಪಕರಣದಿಂದ ಆಮ್ಲಜನಕವನ್ನೂ ವಿಷಾನಿಲವನ್ನೂ ಪರೀಕ್ಷಿಸಿ, ಲಿಖಿತ ಅನುಮತಿ ಪಡೆದು, ಬಾಯಿಯ ಬಳಿ ಒಬ್ಬನನ್ನು ಕಾವಲಿರಿಸಿ ಇಳಿಯಬೇಕು. ಬಿದ್ದವನನ್ನು ಎತ್ತಲು ಆತುರದಿಂದ ಹಾರಿದ ಗೆಳೆಯನೂ ಸತ್ತ ಪ್ರಸಂಗಗಳು ಕಡಲಿನಲ್ಲಿಯೂ ಬಾವಿಯಲ್ಲಿಯೂ ಒಂದೇ ರೀತಿ. ಈ ಕಾರಣಕ್ಕಾಗಿಯೇ 2015ರಿಂದ ಮುಚ್ಚಿದ ಜಾಗಕ್ಕೆ ಇಳಿಯುವ ಮತ್ತು ರಕ್ಷಿಸುವ ಅಣಕು ಅಭ್ಯಾಸವನ್ನು ಎರಡು ತಿಂಗಳಿಗೊಮ್ಮೆ ನಡೆಸುವುದು ಕಡ್ಡಾಯವಾಗಿದೆ.

ಟ್ಯಾಂಕರಿನಲ್ಲಿ ತೈಲದ ಆವಿಗೆ ಬೆಂಕಿ ಹತ್ತದಂತೆ ತೊಟ್ಟಿಯ ಆಮ್ಲಜನಕವನ್ನು ಶೇಕಡಾ 8ಕ್ಕಿಂತ ಕೆಳಗಿಡಲಾಗುತ್ತದೆ. ಈ ವ್ಯವಸ್ಥೆಯನ್ನು ನೋಡಿಕೊಳ್ಳುವವನು ತಪ್ಪಿದರೆ ಮೊದಲು ಹೋಗುವುದು ಅವನದೇ ಜೀವ, ಅನಂತರ ಹಡಗು, ಅದರ ಬೆನ್ನಿಗೇ ಕಡಲು. ಸಿಬ್ಬಂದಿಯ ಸುರಕ್ಷತೆ ಬೇರೆ, ಪರಿಸರದ ಸುರಕ್ಷತೆ ಬೇರೆ ಎಂದು ವಿಂಗಡಿಸಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಮುಂಬಯಿಯ ತರಬೇತಿ ಪರಂಪರೆ

ಭಾರತೀಯ ನಾವಿಕ ಶಿಕ್ಷಣದ ತೊಟ್ಟಿಲು ಮುಂಬಯಿಯೇ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ಲಾಯಲ್ಟಿ ಹಡಗು ಇಲ್ಲಿಂದಲೇ ಲಂಡನ್ನಿಗೆ ಹೊರಟಿತು. ಆ ದಿನವೇ ಇಂದು ರಾಷ್ಟ್ರೀಯ ಸಾಗರ ದಿನ. 1927ರಲ್ಲಿ ಮಜಗಾಂವ್ ಬಳಿ ಲಂಗರು ಹಾಕಿದ್ದ ಡಫರಿನ್ ತರಬೇತಿ ಹಡಗಿನಲ್ಲಿ ಭಾರತೀಯ ಯುವಕರಿಗೆ ಅಧಿಕಾರಿ ದರ್ಜೆಯ ಶಿಕ್ಷಣ ಆರಂಭವಾಯಿತು. 1972ರಲ್ಲಿ ರಾಜೇಂದ್ರ ಅದರ ಸ್ಥಾನಕ್ಕೆ ಬಂತು. 1993ರಲ್ಲಿ ನವಿ ಮುಂಬಯಿಯ ನೆರೂಲ್ ಬಳಿ ದಡದ ಮೇಲೆಯೇ ಚಾಣಕ್ಯ ಸಂಸ್ಥೆ ತಲೆಯೆತ್ತಿತು. ಪವಯಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಕಾಲೇಜು ಅನುಭವಿ ಅಧಿಕಾರಿಗಳ ಉನ್ನತ ಶಿಕ್ಷಣಕ್ಕೆ ಹೆಸರಾದದ್ದು. ಈ ಸರ್ಕಾರಿ ಸಂಸ್ಥೆಗಳು 2008ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರ ವಿಶ್ವವಿದ್ಯಾಲಯದ ತೆಕ್ಕೆಗೆ ಸೇರಿದವು. ಇವೆಲ್ಲದರ ಮೇಲ್ವಿಚಾರಣೆ ನಡೆಸುವ ನೌಕಾಯಾನ ಮಹಾನಿರ್ದೇಶನಾಲಯ 1949ರಿಂದ ಈ ನಗರದಲ್ಲಿಯೇ ಇದೆ.

ಹಡಗನ್ನೇರುವ ಖಲಾಸಿಯಿಂದ ಅಧಿಕಾರಿಯವರೆಗೆ ಎಲ್ಲರೂ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ ಮತ್ತು ಸಾಮಾಜಿಕ ಜವಾಬ್ದಾರಿ ಎಂಬ ಮೂಲ ಪಾಠಗಳನ್ನು ಕಲಿಯಲೇಬೇಕು. ಮಾಲಿನ್ಯ ತಡೆಯ ಪಾಠ ಈ ಕೊನೆಯದರಲ್ಲಿ ಸೇರಿದೆ. ಟ್ಯಾಂಕರಿಗೆ ಹೋಗುವವರಿಗೆ ಪ್ರತ್ಯೇಕ ಶಿಕ್ಷಣವುಂಟು. ಇಂಧನ ತುಂಬಿಸುವ ಮುನ್ನ ಡೆಕ್ಕಿನ ನೀರುಗಂಡಿಗಳನ್ನು ಮುಚ್ಚಬೇಕು, ಕೊಳವೆಯ ಕೆಳಗೆ ತಟ್ಟೆ ಇಡಬೇಕು, ತೊಟ್ಟಿಯ ಮಟ್ಟವನ್ನು ಮತ್ತೆ ಮತ್ತೆ ಅಳೆಯಬೇಕು, ನಿಲ್ಲಿಸುವ ಸಂಜ್ಞೆಯನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು, ಎಣ್ಣೆ ಹೀರುವ ಸಾಮಗ್ರಿ ಕೈಗೆಟಕುವಂತಿರಬೇಕು. ಸೋರಿದರೆ ಯಾರು ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬ ತುರ್ತು ಯೋಜನೆ ಪ್ರತಿ ಹಡಗಿನಲ್ಲಿಯೂ ಲಿಖಿತವಾಗಿರಬೇಕು. ಅದರ ಅಭ್ಯಾಸವೂ ನಡೆಯಬೇಕು.

2010ರ ತಿದ್ದುಪಡಿಗಳ ಬಳಿಕ ಅಧಿಕಾರಿಗಳಿಗೆ ಕಡ್ಡಾಯವಾದ ಇನ್ನೊಂದು ಪಾಠ ನನ್ನ ಗಮನವನ್ನು ವಿಶೇಷವಾಗಿ ಸೆಳೆಯಿತು. ಹಡಗು ನಡೆಸುವ ಕೋಣೆಯಲ್ಲಿ ಕಿರಿಯನು ಅಪಾಯವನ್ನು ಕಂಡರೆ ಹಿರಿಯನಿಗೆ ಅದನ್ನು ಸ್ಪಷ್ಟವಾಗಿ ಹೇಳಬೇಕು; ಹಿರಿಯನು ಅದನ್ನು ಅವಮಾನವೆಂದು ಭಾವಿಸದೆ ಕೇಳಬೇಕು. ಓದಲು ಸುಲಭ. ದೊಡ್ಡವರಿಗೆ ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಮ್ಮ ಹುಡುಗರಿಗೆ ಇದು ಬೆಂಕಿ ನಂದಿಸುವುದಕ್ಕಿಂತ ಕಠಿನ. ‘ಸರ್, ನಾವು ತೀರಕ್ಕೆ ತುಂಬ ಹತ್ತಿರವಾಗುತ್ತಿದ್ದೇವೆ’ ಎಂಬ ಒಂದು ವಾಕ್ಯ ಸಕಾಲದಲ್ಲಿ ಬಾಯಿಂದ ಬಂದರೆ ಸಾವಿರ ಟನ್ ತೈಲ ತೊಟ್ಟಿಯಲ್ಲಿಯೇ ಉಳಿಯುತ್ತದೆ. ವಿನಯ ಬೇರೆ, ಮೌನ ಬೇರೆ ಎಂಬುದನ್ನು ಮಕ್ಕಳಿಗೆ ಮನೆಯಲ್ಲಿಯೇ ಕಲಿಸಬೇಕಾಗಿದೆ.

ಶಿಕ್ಷೆಯ ಭಯದ ಇನ್ನೊಂದು ಮುಖ

2007ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯಾದಲ್ಲಿ ಲಂಗರು ಹಾಕಿ ನಿಂತಿದ್ದ ಹೆಬೆಯಿ ಸ್ಪಿರಿಟ್ ಟ್ಯಾಂಕರಿಗೆ, ಎಳೆಯುವ ಹಗ್ಗ ತುಂಡಾಗಿ ತೇಲಿಬಂದ ಕ್ರೇನ್ ದೋಣಿಯೊಂದು ಬಡಿಯಿತು. 10,000 ಟನ್ನಿಗೂ ಹೆಚ್ಚು ತೈಲ ಸೋರಿತು. ನಿಂತಿದ್ದ ಹಡಗಿನ ಇಬ್ಬರು ಭಾರತೀಯ ಅಧಿಕಾರಿಗಳು ಸುಮಾರು ಒಂದೂವರೆ ವರ್ಷ ಆ ದೇಶವನ್ನು ಬಿಡಲಾಗದೆ, ಸೆರೆವಾಸವನ್ನೂ ಕಂಡು, 2009ರ ಜೂನ್‌ನಲ್ಲಿ ತಾಯ್ನಾಡಿಗೆ ಮರಳಿದರು. ಅವರ ಬಿಡುಗಡೆಗಾಗಿ ಜಗತ್ತಿನ ನಾವಿಕ ಸಂಘಗಳು ದನಿಯೆತ್ತಿದ್ದವು.

ತಪ್ಪಿತಸ್ಥರಿಗೆ ಶಿಕ್ಷೆಯಾಗಲೇಬೇಕು. ಆದರೆ ಅಪಘಾತವಾದೊಡನೆ ನಾವಿಕನನ್ನೇ ಅಪರಾಧಿಯೆಂದು ಕಾಣುವ ಪ್ರವೃತ್ತಿ ಬೆಳೆದರೆ, ನಾಳೆ ಸಣ್ಣ ಸೋರಿಕೆಯಾದಾಗ ಅವನು ತಿಳಿಸುವ ಬದಲು ಮುಚ್ಚಿಡಲು ನೋಡುತ್ತಾನೆ. ಮುಚ್ಚಿಟ್ಟ ಸಣ್ಣ ಸೋರಿಕೆ ದೊಡ್ಡದಾಗುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ನಿರ್ಭಯವಾಗಿ ವರದಿ ಮಾಡುವ ವಾತಾವರಣವೂ ಒಂದು ಸುರಕ್ಷತಾ ಸಾಧನವೇ ಆಗಿದೆ.

ಹೆತ್ತವರಿಗೆ ಒಂದೆರಡು ಮಾತು

ಕೆಲವು ವರ್ಷಗಳ ಹಿಂದೆ ನನ್ನ ಕೌಂಟರಿಗೆ ಹಿರಿಯರೊಬ್ಬರು ಬಂದು ನಿಶ್ಚಿತ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಯಬೇಕೆಂದರು. ಕರಾವಳಿಯ ಕಡೆಯವರು, ಮಗನಿಗೆ ಹಡಗಿನ ಕೆಲಸ ಕೊಡಿಸುವೆನೆಂದ ಏಜೆಂಟನಿಗೆ ಕೊಡಲು ಆ ಹಣ. “ಮಾಯಿ, ಒಮ್ಮೆ ವಿಚಾರಿಸಿ ನೋಡಬಾರದೇ?” ಎಂದು ಅವರ ಪತ್ನಿಯನ್ನು ಕೇಳಿದೆ. “ಹುಡುಗನ ಜೀವನದ ಪ್ರಶ್ನೆ ಅಣ್ಣಾ” ಎಂದರು. ಹಣ ಹೋಯಿತು. ಹುಡುಗನಿಗೆ ದೊರೆತ ಪ್ರಮಾಣಪತ್ರ ಯಾವ ಹಡಗಿನಲ್ಲಿಯೂ ನಡೆಯಲಿಲ್ಲ. ಅದು ನಡೆಯದೆ ಹೋದದ್ದೇ ಒಳ್ಳೆಯದಾಯಿತೆಂದು ಈಗ ಅನಿಸುತ್ತದೆ. ಕಲಿಯದ ಕೈಗೆ ಕವಾಟ ಕೊಟ್ಟಿದ್ದರೆ ನಷ್ಟ ಒಂದು ಮನೆಗೆ ಮಾತ್ರ ಆಗುತ್ತಿರಲಿಲ್ಲ.

ಆದುದರಿಂದ ಮಕ್ಕಳನ್ನು ಕಡಲಿಗೆ ಕಳುಹಿಸುವವರು ಮೂರು ಸಂಗತಿಗಳನ್ನು ಗಮನಿಸಬೇಕು. ಸಂಸ್ಥೆಯೂ ಅದರ ಆ ನಿರ್ದಿಷ್ಟ ಪಾಠಕ್ರಮವೂ ನೌಕಾಯಾನ ಮಹಾನಿರ್ದೇಶನಾಲಯದ ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ನೇಮಕಾತಿ ಏಜೆಂಟನಿಗೆ ಅದೇ ನಿರ್ದೇಶನಾಲಯದ ಪರವಾನಗಿ ಇದೆಯೇ ಎಂದು ಪರಿಶೀಲಿಸಬೇಕು. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ನಿಯಮಬಾಹಿರವೆಂಬುದನ್ನು ನೆನಪಿಡಬೇಕು.

ತೀರದವರ ಪಾಲು

ಭಾರತದ ಕಡಲಿನಲ್ಲಿ ತೈಲ ಸೋರಿಕೆಯನ್ನು ಎದುರಿಸುವ ಹೊಣೆ ಕರಾವಳಿ ಕಾವಲು ಪಡೆಯದು. 1996ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಯೋಜನೆ ಜಾರಿಗೆ ಬಂತು. ಮಾಲಿನ್ಯ ನಿಯಂತ್ರಣಕ್ಕೆಂದೇ ನಿರ್ಮಿಸಲಾದ ಸಮುದ್ರ ಪ್ರಹರಿ ಹಡಗು 2010ರ ಅಕ್ಟೋಬರಿನಲ್ಲಿ, ಚಿತ್ರಾ ಅಪಘಾತದ ಎರಡೇ ತಿಂಗಳ ಬಳಿಕ, ಮುಂಬಯಿಯಲ್ಲಿ ಸೇವೆಗೆ ಸೇರಿತು. 1958ರ ವಾಣಿಜ್ಯ ನೌಕಾಯಾನ ಕಾಯ್ದೆಯ ಬದಲಿಗೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಇವೆಲ್ಲ ಅಗತ್ಯವೇ. ಆದರೆ ಒಮ್ಮೆ ಹರಡಿದ ತೈಲದಲ್ಲಿ ಮರಳಿ ಸಂಗ್ರಹಿಸಲಾಗುವುದು ಅಲ್ಪ ಭಾಗ ಮಾತ್ರ. 2017ರ ಜನವರಿಯಲ್ಲಿ ಚೆನ್ನೈ ಸಮೀಪದ ಎಣ್ಣೂರಿನಲ್ಲಿ ಹಡಗುಗಳ ಡಿಕ್ಕಿಯ ಬಳಿಕ ಜನರು ಬಕೆಟ್ಟುಗಳಲ್ಲಿ ಎಣ್ಣೆ ಎತ್ತುತ್ತಿದ್ದ ದೃಶ್ಯ ಇದನ್ನು ಸಾರಿತು.

ಕಡಲಿನಲ್ಲಿ ಎಣ್ಣೆಯ ಪದರವನ್ನೋ, ಅಪಾಯಕ್ಕೆ ಸಿಲುಕಿದ ಹಡಗನ್ನೋ ಕಂಡ ಮೀನುಗಾರರು ಕರಾವಳಿ ಕಾವಲು ಪಡೆಯ ಉಚಿತ ಸಂಖ್ಯೆ 1554ಕ್ಕೆ ಕೂಡಲೇ ತಿಳಿಸಬಹುದು. ತೀರಕ್ಕೆ ಬಂದ ಕಂಟೇನರು, ಪೀಪಾಯಿಗಳನ್ನು ಮುಟ್ಟಬಾರದು. ನಮ್ಮ ಮೀನುಗಾರಿಕಾ ಬೋಟುಗಳೂ ಹಳೆಯ ಎಂಜಿನ್ ಎಣ್ಣೆಯನ್ನು ಧಕ್ಕೆಯ ನೀರಿಗೆ ಚೆಲ್ಲದೆ ಡಬ್ಬದಲ್ಲಿ ದಡಕ್ಕೆ ತರಬೇಕು. ದೊಡ್ಡ ಹಡಗನ್ನು ದೂರುವ ಮುನ್ನ ನಮ್ಮ ಅಂಗಳವನ್ನು ಗುಡಿಸಿಕೊಳ್ಳುವುದು ನ್ಯಾಯ.

ಜಗತ್ತಿಗೆ ನಾವಿಕರನ್ನು ಒದಗಿಸುವ ಪ್ರಮುಖ ರಾಷ್ಟ್ರಗಳಲ್ಲಿ ಭಾರತವೂ ಒಂದು. ಯಾವುದೋ ದೂರದ ದೇಶದ ತೀರ ಇಂದು ಶುಭ್ರವಾಗಿದ್ದರೆ, ಆ ಇರುಳು ಕವಾಟದ ಬಳಿ ಎಚ್ಚರವಾಗಿದ್ದವನು ಕುಂದಾಪುರದವನೋ, ಉಳ್ಳಾಲದವನೋ, ಡೊಂಬಿವಲಿಯವನೋ ಆಗಿರಬಹುದು. ಅವನ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ಸೋರಿದ ತೈಲ ಸುದ್ದಿಯಾಗುತ್ತದೆ, ಸೋರದೆ ಉಳಿದದ್ದು ಆಗುವುದಿಲ್ಲ. ರಜೆಗೆ ಮನೆಗೆ ಬಂದ ನಾವಿಕನನ್ನು ‘ಏನು ತಂದೆ?’ ಎಂದು ಕೇಳುವ ಮೊದಲು ‘ಸರಿಯಾಗಿ ನಿದ್ದೆ ಸಿಗುತ್ತದೆಯೇ? ಹೇಳಬೇಕಾದ್ದನ್ನು ಹೇಳಲು ಬಿಡುತ್ತಾರೆಯೇ?’ ಎಂದು ಕೇಳೋಣ. ಕಡಲಿನ ಕ್ಷೇಮಕ್ಕಾಗಿ ದಡದಲ್ಲಿರುವ ನಾವು ಮಾಡಬಹುದಾದ ಮೊದಲ ಕೆಲಸ ಅದು.